ಕ್ರಿಸ್ಟಿಯಾನೆಗಿನ್ನೂ ಹದಿಮೂರು

ಡ್ರಗ್ಸ್ ಮೇಲೆ ಬರೋ ಸಿನಿಮಾ ಅಂದ್ರೆ ನಮಗೊಂದು ಲೆಕ್ಕ ಇದೆ. ಒಬ್ಬ ಪೆಡ್ಲರ್ ಇರ್ತಾನೆ, ಅವನ ಮೇಲೊಬ್ಬ ಡಾನ್, ಕಾಲೇಜ್ ಗೇಟ್ ಹತ್ರ ಪ್ಯಾಕೆಟ್ ಕೈ ಬದಲಾಗುತ್ತೆ, ಕೊನೆಗೆ ಪೊಲೀಸ್ ರೇಡು, ಆಸ್ಪತ್ರೆ ಕಾರಿಡಾರಲ್ಲಿ ತಾಯಿ ಅಳೋದು. ತಪ್ಪು ಯಾರದು ಅಂತ ಸಿನಿಮಾನೇ ಹೇಳಿಕೊಟ್ಟಿರುತ್ತೆ, ನಾವು ಎದ್ದು ಮನೆಗೆ ಬರ್ತೀವಿ. 1981ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಂದ 'ಕ್ರಿಸ್ಟಿಯಾನೆ ಎಫ್.' ಅನ್ನೋ ಸಿನಿಮಾದಲ್ಲಿ ಡಾನೂ ಇಲ್ಲ, ರೇಡೂ ಇಲ್ಲ, ಉಪದೇಶ ಮಾಡೋ ಮೇಷ್ಟ್ರೂ ಇಲ್ಲ. ಎರಡು ಗಂಟೆಗೂ ಮೇಲೆ ಒಂದು ಹುಡುಗಿ ಮುಖ ನೋಡ್ತಾ ಕೂರಬೇಕು ಅಷ್ಟೇ, ಆ ಮುಖ ನಮ್ಮ ಕಣ್ಣೆದುರೇ ಬಾಡ್ತಾ ಹೋಗುತ್ತೆ, ನಿಲ್ಲಿಸೋಕೆ ಯಾರೂ ಬರಲ್ಲ.

ನನ್ನ ಮಗಳಿಗೂ ಈಗ ಹದಿಮೂರು. ಅದಕ್ಕೇ ಈ ಸಿನಿಮಾ ಇಷ್ಟು ಒಳಗೆ ಇಳೀತೋ ಏನೋ, ಹದಿನೈದು ವರ್ಷದ ಹಿಂದೆ ನೋಡಿದ್ರೆ ಬಹುಶಃ ಇದರಲ್ಲಿರೋ ಡೇವಿಡ್ ಬೋವಿ ಅನ್ನೋ ಇಂಗ್ಲಿಷ್ ರಾಕ್ ಹಾಡುಗಾರನ ಹಾಡುಗಳು ಸಕತ್ತಾಗಿವೆ ಅಂದ್ಕೊಂಡು ಸುಮ್ನಾಗ್ತಿದ್ದೆ.

ಕಥೆ ನಿಜದ್ದು. ಕ್ರಿಸ್ಟಿಯಾನೆ ಫೆಲ್ಷೆರಿನೋವ್ ಅಂತ ಹುಡುಗಿ, 1962ರಲ್ಲಿ ಹುಟ್ಟಿದವಳು, ಆರು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಹಳ್ಳಿ ಬಿಟ್ಟು ಪಶ್ಚಿಮ ಬರ್ಲಿನ್‌ಗೆ ಬರ್ತಾಳೆ. ಹನ್ನೆರಡಕ್ಕೆ ಹಶೀಶು, ಹದಿಮೂರಕ್ಕೆ ಹೆರಾಯಿನ್ನು, ಆಮೇಲೆ ಆ ಹೆರಾಯಿನ್ ದುಡ್ಡಿಗೋಸ್ಕರ ಬಾನ್‌ಹೋಫ್ ಝೋ ಅನ್ನೋ ದೊಡ್ಡ ರೈಲ್ವೆ ಸ್ಟೇಷನ್ ಸುತ್ತಮುತ್ತ ಮೈ ಮಾರೋದು. 1978ರಲ್ಲಿ ಒಂದು ಕೋರ್ಟ್ ಕೇಸು ನಡೀತಿತ್ತು, ಚಿಕ್ಕ ಹುಡುಗಿಯರಿಗೆ ಹೆರಾಯಿನ್ ಕೊಟ್ಟು ಬಳಸ್ಕೊಳ್ತಿದ್ದ ಗಂಡಸಿನ ಮೇಲೆ, ಅಲ್ಲಿ ಸಾಕ್ಷಿ ಹೇಳೋಕೆ ಬಂದಿದ್ದ ಈಕೆ 'ಷ್ಟೆರ್ನ್' ಪತ್ರಿಕೆಯ ಕಾಯ್ ಹೆರ್ಮನ್ ಮತ್ತು ಹೋರ್ಸ್ಟ್ ರೀಕ್ ಅನ್ನೋ ಇಬ್ಬರು ಪತ್ರಕರ್ತರ ಕಣ್ಣಿಗೆ ಬಿದ್ಳು. ಎರಡು ಗಂಟೆ ಮಾತಾಡೋಣ ಅಂತ ಕೂತವರು ಎರಡು ತಿಂಗಳು ಟೇಪ್ ರೆಕಾರ್ಡರ್ ಮುಂದೆ ಕೂತ್ರು. ಅದೇ ಮೊದಲು ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು, ಆಮೇಲೆ ಪುಸ್ತಕ ಆಯ್ತು, ಜರ್ಮನಿಯ ಸ್ಕೂಲುಗಳಲ್ಲಿ ಒಂದು ಇಡೀ ತಲೆಮಾರು ಅದನ್ನ ಓದಿಕೊಂಡು ಬೆಳೀತು. ಮೂರು ವರ್ಷಕ್ಕೆ ಉಲಿ ಎಡೆಲ್ ಅದನ್ನ ಸಿನಿಮಾ ಮಾಡಿದ.

ಎಡೆಲ್ ಮಾಡಿದ ದೊಡ್ಡ ಕೆಲಸ ನನ್ನ ಪ್ರಕಾರ ಪಾತ್ರಕ್ಕೆ ಮಕ್ಕಳನ್ನೇ ಹಾಕಿದ್ದು. ಇದು ಮಾತಲ್ಲಿ ಕೇಳೋಕೆ ಸಣ್ಣ ವಿಷಯ. ನಮ್ಮಲ್ಲೂ ಹಾಲಿವುಡ್ಡಲ್ಲೂ ಹೈಸ್ಕೂಲ್ ಹುಡುಗಿ ಅಂದ್ರೆ ಇಪ್ಪತ್ತೈದರ ಹೀರೋಯಿನ್ ಎರಡು ಜಡೆ ಹಾಕ್ಕೊಂಡು ಬರ್ತಾಳೆ, ನೋಡೋರಿಗೂ ಅಭ್ಯಾಸ ಆಗಿದೆ. ಇಲ್ಲಿ ಕ್ರಿಸ್ಟಿಯಾನೆ ಆಗಿರೋ ನಾತ್ಯಾ ಬ್ರುಂಕ್‌ಹೋರ್ಸ್ಟ್ ಆವಾಗ ನಿಜವಾಗ್ಲೂ ಶಾಲೆಗೆ ಹೋಗ್ತಿದ್ದ ಹುಡುಗಿ, ನಟನೆ ಕಲಿತೋಳೇ ಅಲ್ಲ. ಅವಳ ಗೆಳೆಯ ಡೆಟ್ಲೆಫ್ ಆಗಿರೋ ಥಾಮಸ್ ಹೌಸ್ಟೈನೂ ಹಾಗೇ. ಕೈ ಬೆರಳು ಇನ್ನೂ ಮಗುವಿನದು, ಕೆನ್ನೆ ಇನ್ನೂ ಮಗುವಿನದು, ಹೈ ಹೀಲ್ಸ್ ಹಾಕ್ಕೊಂಡು ಲಿಪ್‌ಸ್ಟಿಕ್ ಹಚ್ಚಿಕೊಂಡು ಡಿಸ್ಕೋ ಬಾಗಿಲಲ್ಲಿ ದೊಡ್ಡವಳ ಥರ ನಿಂತ್ರೂ ಎಷ್ಟು ಚಿಕ್ಕವಳು ಅಂತ ನೋಡಿದ ತಕ್ಷಣ ತಿಳಿಯುತ್ತೆ. ಸುತ್ತ ಇರೋ ದೊಡ್ಡವರಿಗೆ ಯಾಕೆ ತಿಳಿಯಲ್ಲ ಅಂತ ಕೂತಲ್ಲೇ ಸಿಟ್ಟು ಬರುತ್ತೆ. ಟಿಕೆಟ್ ಕೊಡೋನಿಗೆ ಕಾಣಲ್ವಾ, ಮೆಟ್ರೋದಲ್ಲಿ ಎದುರು ಸೀಟಲ್ಲಿ ಕೂತಿರೋ ಹೆಂಗಸಿಗೆ ಕಾಣಲ್ವಾ? ಸ್ಟೇಷನ್ ಸೀನುಗಳಲ್ಲಿ ಹಿಂದೆ ನಿಂತಿರೋ ಹುಡುಗರಲ್ಲಿ ಕೆಲವರು ನಿಜವಾಗ್ಲೂ ಆ ಚಟದಲ್ಲಿದ್ದವರೇ ಅಂತೆ, ಅವರ ಕಣ್ಣು ನೋಡಿದ್ರೆ ನಟನೆ ಇಲ್ಲ ಅಂತ ಅನ್ಸುತ್ತೆ.

ಹೆರಾಯಿನ್ ಅವಳ ಹತ್ರ ಹೇಗೆ ಬರುತ್ತೆ ಅನ್ನೋದನ್ನ ತೋರ್ಸಿರೋ ರೀತಿ ನೋಡಿ. ಯಾರೂ ಬಲವಂತ ಮಾಡಲ್ಲ. ಯಾರೋ ಚಾಕಲೇಟಲ್ಲಿ ಬೆರೆಸಿ ಕೊಡಲ್ಲ. 'ಸೌಂಡ್' ಅಂತ ಒಂದು ಡಿಸ್ಕೋ, ಯುರೋಪಿನಲ್ಲೇ ಅತಿ ಮಾಡರ್ನ್ ಅಂತ ಹೆಸರು ಹಾಕ್ಕೊಂಡಿತ್ತು, ಅಲ್ಲಿ ಹೋಗಬೇಕು ಅಂತ ಆಸೆ. ಅಲ್ಲಿ ಡೆಟ್ಲೆಫ್ ಸಿಗ್ತಾನೆ, ಮೆದು ಮಾತಿನ ಹುಡುಗ, ಅವಳಿಗೆ ಇಷ್ಟ ಆಗ್ತಾನೆ. ಅವನು ಮತ್ತೆ ಅವನ ಸ್ನೇಹಿತರು 'ಎಚ್', ಅಂದ್ರೆ ಹೆರಾಯಿನ್, ತಗೊಳ್ತಾರೆ. ಅದನ್ನ ತಗೊಂಡ್ಮೇಲೆ ಅವರು ಬೇರೆ ಯಾವುದೋ ಲೋಕದಲ್ಲಿ ಇರ್ತಾರೆ, ಇವಳು ಹೊರಗೆ ಉಳಿದುಬಿಡ್ತಾಳೆ. ಡೆಟ್ಲೆಫೇ ಬೇಡ ಅಂತಾನೆ! ಬೇಡ ಅಂದ್ರೂ ಇವಳಿಗೆ ಬೇಕು, ಯಾಕಂದ್ರೆ ಅವನ ಪಕ್ಕ ಇರಬೇಕು ಅವಳಿಗೆ, ಅಷ್ಟೇ. ಬೋವಿ ಕಾನ್ಸರ್ಟ್ ದಿನ ರಾತ್ರಿ ಕಾರಲ್ಲಿ ಕೂತು ಮೊದಲ ಸಲ ಮೂಗಿಂದ ಎಳೀತಾಳೆ, ಒಂದೇ ಸಲ ನೋಡೋಣ ಅಂತ, ಸೂಜಿ ಮಾತ್ರ ಚುಚ್ಚಿಕೊಳ್ಳಲ್ಲ ಅಂತ. ಸ್ವಲ್ಪ ದಿನಕ್ಕೆ ಸೂಜಿಯೂ ಬರುತ್ತೆ. ವಾರಕ್ಕೊಂದು ಸಲ ಮಾತ್ರ ಅಂತಾಳೆ, ಆಮೇಲೆ ದಿನಾ ಆಗುತ್ತೆ. ನಾನ್ ಬೇರೆ, ಆ ಸ್ಟೇಷನ್ನಲ್ಲಿ ಬಿದ್ದಿರೋರು ಬೇರೆ ಅಂತ ಒಂದು ಗೆರೆ ಹಾಕ್ಕೊಂಡಿರ್ತಾಳೆ, ಆ ಗೆರೆನ ಒಂದೊಂದೇ ಇಂಚು ಮುಂದೆ ತಳ್ಳಿಕೊಂಡು ಹೋಗ್ತಾಳೆ, ಪ್ರತಿ ಇಂಚಿಗೂ ಅವಳ ಹತ್ರ ಒಂದು ಸರಿಯಾದ ಕಾರಣ ಇರುತ್ತೆ.

ನನಗೆ ಭಯ ಆಗಿದ್ದು ಇಲ್ಲೇ, ಸೂಜಿ ಸೀನಲ್ಲಲ್ಲ. ನಾವು ಮಕ್ಕಳಿಗೆ ಹೇಳಿಕೊಡೋದು ಅಪರಿಚಿತರು ಏನಾದ್ರೂ ಕೊಟ್ರೆ ತಗೋಬೇಡ ಅಂತ. ಇಲ್ಲಿ ಅಪರಿಚಿತರೇ ಇಲ್ಲ, ಇರೋರೆಲ್ಲ ಗೆಳೆಯರು, ಒಬ್ಬರ ಮೇಲೊಬ್ಬರಿಗೆ ನಿಜವಾದ ಪ್ರೀತಿ ಇದೆ. ಒಂದು ರಾತ್ರಿ ಆ ಮಕ್ಕಳೆಲ್ಲ ಯೂರೋಪಾ ಸೆಂಟರ್ ಅನ್ನೋ ದೊಡ್ಡ ಶಾಪಿಂಗ್ ಬಿಲ್ಡಿಂಗ್ ಒಳಗೆ ಓಡೋ ಸೀನ್ ಇದೆ, ಹಿಂದೆ ಬೋವಿಯ 'ಹೀರೋಸ್' ಹಾಡು, ಖಾಲಿ ಕಾರಿಡಾರು, ಗಾಜು ಒಡೆದು ಚಿಲ್ಲರೆ ಕಾಸು ಬಾಚಿಕೊಂಡು ನಗ್ತಾ ಓಡ್ತಾರೆ, ಬೆಳಗಾಗೋ ಹೊತ್ತಿಗೆ ಮೇಲೆ ತಾರಸಿಯಲ್ಲಿ ಬೆನ್ಜ್ ಕಂಪನಿಯ ಆ ದೊಡ್ಡ ನಕ್ಷತ್ರ ತಿರುಗ್ತಿರುತ್ತೆ, ಕೆಳಗೆ ಇಡೀ ಊರು. ಎಂಥಾ ಚಂದ ಇದೆ ಅಂದ್ರೆ, ನಾನೂ ಆ ವಯಸ್ಸಲ್ಲಿ ಆ ಊರಲ್ಲಿ ಇದ್ದಿದ್ರೆ ಅವರ ಹಿಂದೆ ಓಡ್ತಿದ್ದೆ. ಆ ಸಂತೋಷನ ಎಡೆಲ್ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ರೆ ಆಮೇಲಿನ ಒಂದೂವರೆ ಗಂಟೆ ಸುಳ್ಳಾಗ್ತಿತ್ತು ಅಂತ ನನಗೆ ಅನ್ಸುತ್ತೆ.

ಬೋವಿ ವಿಷಯ ಬಂತಲ್ಲ, ಒಂದು ಹೇಳ್ಬೇಕು. ಕಾನ್ಸರ್ಟ್ ಸೀನಲ್ಲಿ ಅವನೇ ಬಂದು ಹಾಡಿದಾನೆ, ಆದ್ರೆ ಆಗ ಅವನು ನ್ಯೂಯಾರ್ಕಲ್ಲಿ ನಾಟಕ ಮಾಡ್ತಿದ್ದ, ಬಿಟ್ಟು ಬರೋಕೆ ಆಗ್ತಿರಲಿಲ್ಲ, ಹಾಗಾಗಿ ಅಲ್ಲೇ ಒಂದು ಕ್ಲಬ್ಬಲ್ಲಿ ಶೂಟ್ ಮಾಡ್ಕೊಂಡು, ಕುಣಿಯೋ ಜನಕ್ಕೆ ಬರ್ಲಿನ್‌ನಲ್ಲಿ ನಡೆದ ಎಸಿ/ಡಿಸಿ ಬ್ಯಾಂಡಿನ ಕಾನ್ಸರ್ಟ್ ಫುಟೇಜ್ ಸೇರಿಸಿದ್ರಂತೆ. ಆ ಹುಡುಗಿ ಗೋಡೆ ಮೇಲೆ ಪೋಸ್ಟರ್ ಹಚ್ಚಿಕೊಂಡು ಪೂಜೆ ಮಾಡ್ತಿದ್ದ ಆ ಮನುಷ್ಯ 1976ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹತ್ತಿದ ಕೊಕೇನ್ ಚಟದಿಂದ ತಪ್ಪಿಸ್ಕೊಳ್ಳೋಕೆ ಬರ್ಲಿನ್‌ಗೇ ಬಂದು ಷೋನೆಬೆರ್ಗ್ ಏರಿಯಾದ ಒಂದು ಫ್ಲಾಟಲ್ಲಿ ವಾಸ ಇದ್ದ. ಅವನು ಉಳ್ಕೊಳ್ಳೋಕೆ ಅಂತ ಬಂದ ಊರಲ್ಲೇ ಈ ಮಕ್ಕಳು ಮುಳುಗ್ತಿದ್ರು. ಅವನ ಹತ್ರ ದುಡ್ಡಿತ್ತು, ಕೆಲಸ ಇತ್ತು, ವಯಸ್ಸು ಮೂವತ್ತರ ಹತ್ರ, ನೋಡ್ಕೊಳ್ಳೋ ಜನ ಇದ್ರು. ಈ ಹುಡುಗಿ ಹತ್ರ ಅದ್ಯಾವುದೂ ಇರಲಿಲ್ಲ.

ಪುಸ್ತಕದಲ್ಲಿ ಇದ್ದು ಸಿನಿಮಾದಲ್ಲಿ ಬಿಟ್ಟುಹೋಗಿದ್ದು ಬಾಲ್ಯ. ಪುಸ್ತಕದ ಮೊದಲ ಭಾಗ ಪೂರ್ತಿ ಗ್ರೋಪಿಯುಸ್‌ಷ್ಟಾಟ್ ಅನ್ನೋ ಬಡಾವಣೆ ಮೇಲೆ. ಬರ್ಲಿನ್ ದಕ್ಷಿಣದ ಅಂಚಲ್ಲಿ, ಪಶ್ಚಿಮ ಬರ್ಲಿನ್ ಸುತ್ತ ಪೂರ್ವ ಜರ್ಮನಿ ಎಬ್ಬಿಸಿದ ಬರ್ಲಿನ್ ಗೋಡೆಗೆ ಹತ್ತಿಕೊಂಡೇ ಕಟ್ಟಿದ ಹೌಸಿಂಗ್ ಕಾಲನಿ ಅದು, ವಾಲ್ಟರ್ ಗ್ರೋಪಿಯುಸ್ ಅನ್ನೋ ದೊಡ್ಡ ಆರ್ಕಿಟೆಕ್ಟ್ ಹೆಸರಲ್ಲಿ. ಅವನು ಪ್ಲಾನ್ ಹಾಕಿದ್ದು ಐದು ಮಹಡಿ ಮೀರದ, ಹಸಿರು ಜಾಗ ಇರೋ ಮನೆಗಳಿಗೆ. 1961ರಲ್ಲಿ ಗೋಡೆ ಎದ್ದಿತು, ಊರಿಗೆ ಹಬ್ಬೋಕೆ ಜಾಗ ಇಲ್ಲದಂಗಾಯ್ತು, ಕಟ್ಟಡಗಳು ಮೇಲಕ್ಕೆ ಹೋದವು, ಕೆಲವು ಮೂವತ್ತು ಮಹಡಿವರೆಗೂ. ಕ್ರಿಸ್ಟಿಯಾನೆ ಮನೆ ಹನ್ನೊಂದನೇ ಮಹಡಿ. ಲಿಫ್ಟ್ ಬಟನ್ ಎಷ್ಟು ಎತ್ತರದಲ್ಲಿತ್ತು ಅಂದ್ರೆ ಕೆಳಗೆ ಆಡೋಕೆ ಹೋಗೋ ಮಕ್ಕಳು ಕೈಯಲ್ಲೊಂದು ಮರದ ಸೌಟು ಹಿಡ್ಕೊಂಡು ಹೋಗಬೇಕಿತ್ತು, ಅದರಿಂದ ಬಟನ್ ಒತ್ತೋಕೆ. ಸೌಟು ಕಳೆದುಹೋದ್ರೆ ಮೆಟ್ಟಿಲು ಹತ್ತಬೇಕು. ಹುಲ್ಲಿನ ಮೇಲೆ ಆಡಬಾರದು ಅಂತ ಎಲ್ಲಾ ಕಡೆ ಬೋರ್ಡು. ಮನೆ ಒಳಗೆ ಅಪ್ಪ, ಮದುವೆ ಸಂಬಂಧ ಕುದುರಿಸೋ ಬಿಸಿನೆಸ್ ಮಾಡ್ತೀನಿ ಅಂತ ಬರ್ಲಿನ್‌ಗೆ ಬಂದು ಅದು ನೆಲಕಚ್ಚಿ ಆ ಸಿಟ್ಟನ್ನೆಲ್ಲ ಹೆಂಡ್ತಿ ಮಕ್ಕಳ ಮೇಲೆ ತೀರಿಸ್ಕೊಂಡೋನು, ಹೊಡೆತ ಅಂದ್ರೆ ಅಂಥಿಂಥ ಹೊಡೆತ ಅಲ್ಲ.

ಆ ಸೌಟಿನ ವಿಷಯ ಓದಿ ನಾನು ಪುಸ್ತಕ ಮಡಚಿಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಅಪಾರ್ಟ್‌ಮೆಂಟ್ ಹದಿನಾಲ್ಕು ಮಹಡಿ, ಇಲ್ಲೂ ಪೋಡಿಯಂನಲ್ಲಿ ಚೆಂಡಾಟ ಬೇಡ ಅಂತ ಬೋರ್ಡಿದೆ, ಗಿಡ ಹಾಳಾಗುತ್ತೆ ಅಂತ. ಯಾವ ಮಗು ಆಡೋಕೆ ಎಲ್ಲಿ ಹೋಗಬೇಕು ಅಂತ ಮೀಟಿಂಗಲ್ಲಿ ಯಾರೂ ಕೇಳಲಿಲ್ಲ, ಪಾರ್ಕಿಂಗ್ ಬಗ್ಗೆ ಮಾತ್ರ ಗಂಟೆಗಟ್ಟಲೆ ಮಾತಾಡಿದ್ವಿ.

ಸಿನಿಮಾದಲ್ಲಿ ಅಪ್ಪ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದು ತಪ್ಪು ಅಂತ ಕೆಲವರು ಬರೆದಿದಾರೆ, ಕಾರಣನೇ ತೆಗೆದುಹಾಕಿದ ಮೇಲೆ ಉಳಿಯೋದೇನು ಅಂತ. ಅವರ ಮಾತಲ್ಲೂ ನ್ಯಾಯ ಇದೆ, ಬಡತನ, ಹೊಡೆತ, ಆ ಕಾಂಕ್ರೀಟು, ಇದೆಲ್ಲ ಸೇರಿ ಆದದ್ದು ಅದು, ಬರೀ ಒಂದು ಹುಡುಗಿ ಆಸೆ ಅಲ್ಲ. ಆದ್ರೂ ನನಗೆ ಎಡೆಲ್ ಮಾಡಿದ್ದೇ ಸರಿ ಅನ್ಸುತ್ತೆ. ಹೊಡೆಯೋ ಅಪ್ಪ ತೆರೆ ಮೇಲೆ ಬಂದ್ರೆ ನೋಡೋ ನಮಗೆ ಒಂದು ಬಾಗಿಲು ಸಿಗುತ್ತೆ, ಓಹ್ ಅವರ ಮನೆ ಹಂಗಿತ್ತು, ನಮ್ಮನೆ ಹಂಗಿಲ್ಲ, ನಮ್ಮ ಮಗುಗೆ ಆಗಲ್ಲ ಅಂತ. ಸಿನಿಮಾದಲ್ಲಿರೋದು ಒಬ್ಬ ಅಮ್ಮ ಮಾತ್ರ, ಕೆಲಸಕ್ಕೆ ಹೋಗ್ತಾಳೆ, ಸಂಜೆ ಸುಸ್ತಾಗಿ ಬರ್ತಾಳೆ, ಮಗಳ ಮೇಲೆ ಪ್ರೀತಿ ಇದೆ, ಅವಳದ್ದೂ ಒಂದು ಜೀವನ ಅಂತ ಇದೆ, ಒಬ್ಬ ಗೆಳೆಯ ಇದಾನೆ. ಮಗಳು ಫ್ರೆಂಡ್ ಮನೇಲಿ ಮಲಗ್ತೀನಿ ಅಂದ್ರೆ ಸರಿ ಅಂತಾಳೆ. ಇದರಲ್ಲಿ ಯಾವುದನ್ನ ತಪ್ಪು ಅನ್ನೋದು, ನಾನೂ ದಿನಾ ಮಾಡೋದು ಇದನ್ನೇ. ಬಾತ್‌ರೂಮಲ್ಲಿ ಮಗಳು ಬಿದ್ದಿರೋದನ್ನ ನೋಡೋವರೆಗೂ ಆ ತಾಯಿಗೆ ಗೊತ್ತೇ ಆಗಲ್ಲ. ಪುಸ್ತಕದಲ್ಲಿ ತಾಯಿ ತನ್ನ ಮಾತಲ್ಲೇ ಹೇಳ್ಕೊಂಡಿರೋ ಭಾಗಗಳಿವೆ, ಅವನ್ನ ಓದೋದು ಮಗಳ ಭಾಗಕ್ಕಿಂತ ಕಷ್ಟ ಆಯ್ತು ನನಗೆ.

ಆಮೇಲೆ ಬರೋದು ಆ ಫೇಮಸ್ ಸೀನು. ಬಿಟ್ಟುಬಿಡ್ತೀವಿ ಅಂತ ಕ್ರಿಸ್ಟಿಯಾನೆ ಮತ್ತೆ ಡೆಟ್ಲೆಫ್ ಇಬ್ಬರೂ ಅವಳ ರೂಮಲ್ಲಿ ಕೂತುಬಿಡ್ತಾರೆ, ಡಾಕ್ಟರಿಲ್ಲ, ಔಷಧಿ ಅಂತ ಸರಿಯಾಗಿ ಏನೂ ಇಲ್ಲ, ಒಂದು ಮಂಚ ಎರಡು ಮಕ್ಕಳು. ಮೈ ನಡುಕ, ಬೆವರು, ಚಳಿ, ಕಾಲು ತಾವಾಗೇ ಒದ್ಕೊಳ್ತವೆ, ವಾಂತಿ ಗೋಡೆಗೆ ಚಿಮ್ಮುತ್ತೆ, ಹುಡುಗಿ ವಾಲ್‌ಪೇಪರನ್ನ ಉಗುರಲ್ಲಿ ಕಿತ್ತು ಕಿತ್ತು ಹಾಕ್ತಾಳೆ. ಸಿನಿಮಾ ಅಂತ ಉತ್ಪ್ರೇಕ್ಷೆ ಮಾಡಿದ್ದಲ್ಲ ಇದು, ಹೆರಾಯಿನ್ ನಿಲ್ಲಿಸಿದ್ರೆ ಮೈಗೆ ಆಗೋದೇ ಇದು, ಎರಡು ಮೂರನೇ ದಿನಕ್ಕೆ ತುದಿ ಮುಟ್ಟಿ ವಾರದ ಹೊತ್ತಿಗೆ ಇಳಿಯುತ್ತೆ. ಇಳಿಯುತ್ತೆ ಕೂಡ. ಇಬ್ಬರೂ ಎದ್ದು ಸ್ನಾನ ಮಾಡಿ ಒಳ್ಳೆ ಬಟ್ಟೆ ಹಾಕ್ಕೊಂಡು ಹೊರಗೆ ಬರ್ತಾರೆ, ಮುಖದಲ್ಲಿ ಕಳೆ ಬಂದಿರುತ್ತೆ, ಗೆದ್ವಿ ಅನ್ನೋ ಖುಷಿ. ಸುಮ್ನೆ ಸ್ಟೇಷನ್ ಹತ್ರ ಹೋಗಿ ಎಲ್ಲರನ್ನೂ ಮಾತಾಡಿಸ್ಕೊಂಡು ಬರೋಣ ಅಂತ ಹೊರಡ್ತಾರೆ. ಅಷ್ಟೇ, ಮತ್ತೆ ಶುರು.

ವಾಂತಿ ಸೀನಿಗಿಂತ ಈ ಹೊರಡೋ ಸೀನು ನನ್ನನ್ನ ಜಾಸ್ತಿ ಅಲ್ಲಾಡಿಸ್ತು. ಯಾಕಂದ್ರೆ ಅವರಿಗೆ ಹೋಗೋಕೆ ಬೇರೆ ಜಾಗನೇ ಇಲ್ಲ. ಗೆಳೆಯರೆಲ್ಲ ಅಲ್ಲೇ ಇದಾರೆ. ಮೈಯಿಂದ ಹೆರಾಯಿನ್ ಹೋದ ತಕ್ಷಣ ಹುಷಾರಾದ್ರು ಅಂತ ಮನೆಯವರು ಅಂದ್ಕೊಳ್ತಾರಲ್ಲ, ಅದೇ ಅತಿ ಅಪಾಯದ ಸಮಯ. ತಡ್ಕೊಳ್ಳೋ ಶಕ್ತಿ ಮೈಯಲ್ಲಿ ಇಳಿದಿರುತ್ತೆ, ಮೊದಲಿನಷ್ಟೇ ತಗೊಂಡ್ರೆ ಉಸಿರು ನಿಂತುಹೋಗುತ್ತೆ. ಎಷ್ಟೋ ಸಾವು ಆಗೋದು ಹೀಗೇ, ಬಿಟ್ಟು ಮತ್ತೆ ಹಿಡಿದಾಗ. ಈಗ ಮೆಥಡೋನ್, ಬುಪ್ರೆನಾರ್ಫಿನ್ ಥರದ ಔಷಧಿ ಕೊಟ್ಟು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿದು ನಿಲ್ಲಿಸ್ತಾರೆ, ಆ ಕಾಲದ ಪಶ್ಚಿಮ ಜರ್ಮನಿಯಲ್ಲಿ ಆ ದಾರಿ ಇನ್ನೂ ತೆರೆದಿರಲಿಲ್ಲ. ಪೂರ್ತಿ ಬಿಡು, ಇಲ್ಲಾಂದ್ರೆ ನಿನ್ನ ಹಣೆಬರಹ ಅನ್ನೋ ಕಾಲ. ಒಂದು ರೂಮಲ್ಲಿ ಬಾಗಿಲು ಹಾಕ್ಕೊಂಡು ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗುತ್ತೆ ಅಂತ ನಂಬೋರು ನಮ್ಮಲ್ಲಿ ಈಗ್ಲೂ ಇದಾರೆ, ಮನೆಯಲ್ಲಿ ಕೂಡಿಹಾಕೋರು, ಸಂಕೋಲೆ ಹಾಕಿ ಇಡೋ ಸೆಂಟರುಗಳಿಗೆ ದುಡ್ಡು ಕಟ್ಟಿ ಬಿಡೋರು. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಒಂದು ವಿಭಾಗ ಇದೆ, 14446 ಅಂತ ಸರ್ಕಾರದ ಹೆಲ್ಪ್‌ಲೈನ್ ಇದೆ, ಮರ್ಯಾದೆ ಹೋಗುತ್ತೆ ಅಂತ ಯಾರೂ ಫೋನ್ ಮಾಡಲ್ಲ.

ಬಾಬ್ಸಿ ಅನ್ನೋ ಹುಡುಗಿ ಬಗ್ಗೆ ಹೇಳದೆ ಇರೋಕಾಗಲ್ಲ. ಕ್ರಿಸ್ಟಿಯಾನೆ ಗೆಳತಿ, ಬೊಂಬೆ ಥರ ಮುಖ, ಅವಳೂ ಕಥೆಗೆ ಕಟ್ಟಿದ ಪಾತ್ರ ಅಲ್ಲ. 1977ರಲ್ಲಿ ಹೆರಾಯಿನ್ನಿಂದ ಸತ್ತುಹೋದ್ಳು, ವಯಸ್ಸು ಹದಿನಾಲ್ಕು, ಬರ್ಲಿನ್‌ನಲ್ಲಿ ಅಲ್ಲೀವರೆಗೆ ಸತ್ತೋರಲ್ಲಿ ಅತಿ ಚಿಕ್ಕೋಳು ಅಂತ ಪೇಪರುಗಳಲ್ಲಿ ಬಂತು. ಸಿನಿಮಾದಲ್ಲಿ ಕ್ರಿಸ್ಟಿಯಾನೆಗೂ ಅದು ಗೊತ್ತಾಗೋದು ಪೇಪರ್ ನೋಡಿ. ಜೊತೆಗೆ ನಕ್ಕು ಜೊತೆಗೆ ಮಲಗಿ ಎದ್ದ ಗೆಳತಿ ಸತ್ತಿದ್ದನ್ನ ಊರವರ ಥರಾನೇ ಹೆಡ್‌ಲೈನಲ್ಲಿ ಓದಬೇಕು. ಮ್ಯೂಸಿಕ್ ಏರಲ್ಲ, ಸ್ಲೋ ಮೋಷನ್ ಬರಲ್ಲ, ಕಥೆ ಮುಂದಕ್ಕೆ ಹೋಗುತ್ತೆ, ಯಾಕಂದ್ರೆ ಅಳೋಕೂ ಅವಳಿಗೆ ಮೊದಲು ಒಂದು ಡೋಸ್ ಬೇಕು.

ಸ್ಟೇಷನ್ ಟಾಯ್ಲೆಟ್ಟಲ್ಲಿ ಇವಳು ಸೂಜಿ ರೆಡಿ ಮಾಡ್ಕೊಂಡು ಕೂತಾಗ ಪಕ್ಕದ ಗೋಡೆ ಹತ್ತಿ ಒಬ್ಬ ಹಾರಿ ಬಂದು ಸಿರಿಂಜ್ ಕಿತ್ಕೊಂಡು ತನ್ನ ಕತ್ತಿಗೇ ಚುಚ್ಚಿಕೊಳ್ತಾನೆ. ಕೆಲವರು ಈ ಸೀನ್ ಜಾಸ್ತಿ ಆಯ್ತು ಅಂತಾರೆ. ನನಗೆ ಅದರಲ್ಲಿ ಕಂಡಿದ್ದು ರಕ್ತ ಅಲ್ಲ, ಅವನು ಹೋದ್ಮೇಲೆ ಇವಳು ಕೂತಿರೋ ರೀತಿ, ಭಯ ಪಟ್ಟಿದ್ದಕ್ಕಿಂತ ಜಾಸ್ತಿ ತನ್ನ ಮಾಲು ಹೋಯ್ತಲ್ಲ ಅನ್ನೋ ಸಂಕಟ. ಹದಿನಾಲ್ಕರ ಹುಡುಗಿ.

ಸಿನಿಮಾ ಕೊನೆಗೆ ಅವಳದೇ ದನಿಯಲ್ಲಿ ಹೇಳಿಸ್ತಾರೆ, ಅಮ್ಮ ಅವಳನ್ನ ಹ್ಯಾಂಬರ್ಗ್ ಹತ್ರ ಅಜ್ಜಿ ಇರೋ ಹಳ್ಳಿಗೆ ಕಳಿಸಿದ್ಳು, ಈಗ ಬಿಟ್ಟಿದೀನಿ ಅಂತ. ಇಲ್ಲಿ ಮಾತ್ರ ನನಗೆ ಸಿನಿಮಾ ಮೇಲೆ ಬೇಜಾರು. ಎರಡು ಗಂಟೆ ಅಷ್ಟು ನಿಧಾನವಾಗಿ ಕೆಳಗೆ ಇಳಿಸಿ, ಮೇಲೆ ಎತ್ತೋದನ್ನ ಒಂದು ನಿಮಿಷದಲ್ಲಿ ಬರೀ ಮಾತಲ್ಲಿ ಮುಗಿಸಿದ್ರು. ನಿಜ ಜೀವನದಲ್ಲಿ ಹಾಗೆ ಮುಗೀಲೂ ಇಲ್ಲ. ಪುಸ್ತಕ, ಸಿನಿಮಾ ಎರಡರಿಂದ ಅವಳು ಜಗತ್ತಿಗೆಲ್ಲ ಪರಿಚಯ ಆದ್ಳು, ದುಡ್ಡು ಬಂತು, ಆದ್ರೆ ಹೆರಾಯಿನ್ ಪೂರ್ತಿ ಬಿಟ್ಟುಹೋಗಲಿಲ್ಲ. 2013ರಲ್ಲಿ ಎರಡನೇ ಆತ್ಮಕಥೆ ತಂದ್ಳು, ಐವತ್ತು ದಾಟಿದ ಹೆಂಗಸು, ಸೂಜಿಯಿಂದ ಹತ್ತಿದ ಹೆಪಟೈಟಿಸ್ ಸಿ, ಮೆಥಡೋನ್ ಮೇಲೆ ನಡೆಯೋ ದಿನಗಳು, ಅವೆಲ್ಲ ಅದರಲ್ಲಿವೆ. ಅವಳ ಹದಿಮೂರನೇ ವಯಸ್ಸು ಮಾತ್ರ ಎಲ್ಲರಿಗೂ ಬೇಕು. ಸಿನಿಮಾ ಬಂದ್ಮೇಲೆ ಯುರೋಪಿನ ಬೇರೆ ಬೇರೆ ಊರಿಂದ ಹುಡುಗಿಯರು ಬಾನ್‌ಹೋಫ್ ಝೋ ನೋಡೋಕೆ ಬರ್ತಿದ್ರಂತೆ, ಅವಳ ಥರ ಕೂದಲು, ಅವಳ ಥರ ಜಾಕೆಟ್ಟು. ಇಷ್ಟು ಕಠಿಣವಾಗಿ ತೋರ್ಸಿದ್ರೂ ಯಾರಿಗೋ ಅದು ಸ್ಟೈಲಾಗಿ ಕಂಡಿದೆ. ಇದಕ್ಕೆ ಎಡೆಲ್‌ನ ದೂರಬೇಕಾ, ಹಾಡನ್ನ ದೂರಬೇಕಾ ನನಗೆ ಗೊತ್ತಾಗ್ತಿಲ್ಲ, ಚಂದದ ಮುಖ ಇರೋ ಮಗು ಸಂಕಟ ಪಡೋದನ್ನ ನೋಡೋದ್ರಲ್ಲೇ ಏನೋ ಒಂದು ಎಳೆತ ಇರಬೇಕು, ಅದು ಯೋಚನೆ ಮಾಡಿದ್ರೆ ಹಿಂಸೆ ಆಗುತ್ತೆ.

ಬೆಂಗಳೂರಿನ ಮಾತು ಬರಬೇಕು ಅಂದ್ರೆ, ಹೆರಾಯಿನ್ನಿಗಿಂತ ಮೊದಲು ನನಗೆ ನೆನಪಾಗೋದು ಮೆಜೆಸ್ಟಿಕ್. ರೈಲ್ವೆ ಸ್ಟೇಷನ್ ಮುಂದೆ ಕರ್ಚೀಫಲ್ಲಿ ವೈಟ್ನರ್, ಸಲ್ಯೂಷನ್ ಹಾಕ್ಕೊಂಡು ಮೂಗಿಗೆ ಒತ್ಕೊಂಡು ಕೂತಿರೋ ಹುಡುಗರನ್ನ ಈ ಊರಲ್ಲಿ ಬಸ್ಸಿಗೆ ಕಾದವರೆಲ್ಲ ನೋಡಿದಾರೆ. 2019ರಲ್ಲಿ ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿದ ಸರ್ವೆಯ ವರದಿ ಬಂತಲ್ಲ, ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಪ್ರಮಾಣ ಜಾಸ್ತಿ ಇರೋದು ಈ ಮೂಸೋ ಪದಾರ್ಥ ಒಂದರದ್ದೇ ಅಂತಿದೆ, ಮಕ್ಕಳಲ್ಲಿ ನೂರಕ್ಕೆ 1.17, ದೊಡ್ಡವರಲ್ಲಿ 0.58. ಈ ಮಕ್ಕಳ ಮೇಲೆ ಬೋವಿ ಹಾಡೋ ಸಿನಿಮಾ ಬರಲ್ಲ. ಓದಿದೋರ ಮನೆ ಮಗು ಪಾರ್ಟಿಲಿ ಸಿಕ್ಕಿಬಿದ್ರೆ ಟಿವಿಯಲ್ಲಿ ಮೂರು ದಿನ ಚರ್ಚೆ, ಈ ಹುಡುಗರ ಬಗ್ಗೆ ಮೂರು ನಿಮಿಷಾನೂ ಇಲ್ಲ. ಬಾನ್‌ಹೋಫ್ ಝೋದಲ್ಲೂ ದಿನಾ ಸಾವಿರಾರು ಜನ ಬ್ಯಾಗ್ ಹಿಡ್ಕೊಂಡು ಈ ಮಕ್ಕಳನ್ನ ದಾಟಿ ಹೋಗ್ತಿದ್ರು, ಸಿನಿಮಾದಲ್ಲಿ ಅವರ ಕಾಲು, ಕೋಟು ಮಾತ್ರ ಕಾಣ್ತಿರುತ್ತೆ, ನಾವು ಆ ಕಾಲುಗಳಲ್ಲಿ ಒಬ್ಬರು.

ನೋಡೋದಾದ್ರೆ ಪುಸ್ತಕ ಮೊದಲು ಓದಿ, ಇಂಗ್ಲಿಷಲ್ಲಿ ಸಿಗುತ್ತೆ, ಸೌಟು, ಅಪ್ಪ, ಅಮ್ಮನ ಮಾತು ಎಲ್ಲ ಗೊತ್ತಿದ್ದು ನೋಡಿದ್ರೆ ಸಿನಿಮಾ ಬಿಟ್ಟ ಜಾಗಗಳೆಲ್ಲ ತುಂಬಿಕೊಳ್ತವೆ. ಮಗಳು ಪೋಸ್ಟರ್ ನೋಡಿ ಇದೇನು ಅಂತ ಕೇಳಿದ್ಳು. ಈಗ ಬೇಡ, ಇನ್ನೊಂದೆರಡು ವರ್ಷ ಹೋಗಲಿ, ಒಟ್ಟಿಗೆ ಕೂತು ನೋಡೋಣ ಅಂದೆ. ಅಲ್ಲಿ ಏನಾಗುತ್ತೆ ಅಂತ ಕೇಳಿದ್ಳು, ಅದನ್ನ ಮಾತ್ರ ಮುಚ್ಚಿಡದೆ ಪೂರ್ತಿ ಹೇಳಿದೆ, ಯೂರೋಪಾ ಸೆಂಟರಲ್ಲಿ ಓಡೋದು ಎಷ್ಟು ಚಂದ ಇದೆ ಅನ್ನೋದನ್ನೂ ಸೇರಿಸಿ. ಡೆಟ್ಲೆಫ್ ಬೇಡ ಅಂದಾಗ ಅವಳು ಯಾಕೆ ಕೇಳಲಿಲ್ಲ ಅಂತ ಅವಳ ಪ್ರಶ್ನೆ. ನಾವಿಬ್ರೂ ಅದರ ಮೇಲೆ ಅವತ್ತು ಊಟ ಆಗೋವರೆಗೂ ಮಾತಾಡಿದ್ವಿ, ಅವಳ ಕ್ಲಾಸಿನ ಒಂದಿಬ್ಬರ ಹೆಸರೂ ಮಾತಲ್ಲಿ ಬಂತು, ವೇಪ್ ಇಟ್ಕೊಂಡು ಬರೋರದ್ದು.